ರೋಮ್‌ನ ಕಡುಬಡವ ಪೌರರಿಗೆ ಪೌರತ್ವದಿಂದ ಸಿಕ್ಕಿದ್ದೇನು?

ನದಿದಂಡೆ

ಪ್ರಾಚೀನ ರೋಮ್ ಅಂದ ಕೂಡಲೇ ಮಾತು ಚಕ್ರವರ್ತಿಗಳ ಕಡೆ ಹೋಗುತ್ತದೆ, ಇಲ್ಲವೇ ಗುಲಾಮರ ಕಡೆ. ಇವೆರಡರ ನಡುವೆ ಒಂದು ದೊಡ್ಡ ಗುಂಪಿತ್ತು. ಅವರು ಗುಲಾಮರಲ್ಲ, ಪರದೇಶದವರೂ ಅಲ್ಲ. ಕಾನೂನಿನ ಪ್ರಕಾರ ಪೂರ್ತಿ ರೋಮನ್ ಪೌರರು. ಆದರೆ ಹೊಲ ಇಲ್ಲ, ಕೈಯಲ್ಲಿ ಕಾಸಿಲ್ಲ. ಅವರ ಬಗ್ಗೆ ಮಾತಾಡೋಣ ಅಂತ ಈ ಚರ್ಚೆ ಶುರುಮಾಡಿದ್ದೇನೆ.

ಮೊದಲು ಲೆಕ್ಕ ನೋಡಿ. ಐದು ವರ್ಷಕ್ಕೊಮ್ಮೆ ಗಣತಿ. ಪೌರನು ಸೆನ್ಸರ್ ಎಂಬ ಅಧಿಕಾರಿಯ ಮುಂದೆ ನಿಂತು ತನ್ನ ಹೆಸರು, ತಂದೆಯ ಹೆಸರು, ವಯಸ್ಸು, ಆಸ್ತಿ ಎಲ್ಲವನ್ನೂ ಪ್ರಮಾಣ ಮಾಡಿ ಹೇಳಬೇಕು. ಆಸ್ತಿ ನೋಡಿ ಐದು ವರ್ಗ. ರೋಮನ್ ಇತಿಹಾಸಕಾರ ಲಿವಿ ಕೊಡುವ ಲೆಕ್ಕದಲ್ಲಿ ಮೊದಲ ವರ್ಗಕ್ಕೆ 1,00,000 ಆಸ್ ಬೆಲೆಯ ಆಸ್ತಿ ಇರಬೇಕು, ಐದನೆಯದಕ್ಕೆ 11,000. ಆಸ್ ಅಂದರೆ ಅವರ ತಾಮ್ರದ ನಾಣ್ಯ. ಅದಕ್ಕೂ ಕೆಳಗಿದ್ದವರು ಯಾವ ವರ್ಗಕ್ಕೂ ಸೇರುತ್ತಿರಲಿಲ್ಲ. ಅವರನ್ನು ಪ್ರೊಲೆಟಾರಿ ಅಂತ ಕರೆದರು. ಮಕ್ಕಳನ್ನು ಹೆತ್ತುಕೊಡುವುದನ್ನು ಬಿಟ್ಟರೆ ರಾಜ್ಯಕ್ಕೆ ಇವರಿಂದ ಬೇರೇನೂ ಬರುವುದಿಲ್ಲ ಅನ್ನುವ ಭಾವನೆ. ಇನ್ನೂ ಕೆಳಗಿದ್ದವರು ಕಾಪಿಟೆ ಸೆನ್ಸಿ, ಅಂದರೆ ಬರೀ ತಲೆ ಎಣಿಕೆಗೆ ಸಿಗುವವರು. ಔಲಸ್ ಗೆಲ್ಲಿಯಸ್ ಎಂಬ ರೋಮನ್ ಲೇಖಕ ಹೇಳುವಂತೆ 375 ಆಸ್‌ಗಿಂತ ಜಾಸ್ತಿ ಏನೂ ಇಲ್ಲದವನು ಈ ಕೊನೆಯ ಗುಂಪಿನವನು.

ನನಗೆ ತುಂಬಾ ಸಿಟ್ಟು ಬರಿಸುವುದು ಮತದ ವ್ಯವಸ್ಥೆ. ಕಾನ್ಸಲ್‌ಗಳನ್ನು, ಅಂದರೆ ರಾಜ್ಯದ ಅತಿ ದೊಡ್ಡ ಅಧಿಕಾರಿಗಳನ್ನು, ಆರಿಸುವ ಸಭೆಯಲ್ಲಿ ಒಟ್ಟು 193 ಗುಂಪು, ಒಂದೊಂದು ಗುಂಪಿಗೂ ಒಂದೇ ಮತ. ಅತಿ ಶ್ರೀಮಂತರಾದ ಕುದುರೆ ಸವಾರರಿಗೆ 18, ಮೊದಲ ವರ್ಗಕ್ಕೆ 80. ಕೂಡಿದರೆ 98. ಬಹುಮತಕ್ಕೆ ಬೇಕಿದ್ದದ್ದು 97. ಶ್ರೀಮಂತರು ಮೊದಲು ಮತ ಹಾಕುತ್ತಿದ್ದರು. ಬಹುಮತ ಬಂದ ಕೂಡಲೇ ಎಣಿಕೆ ನಿಲ್ಲುತ್ತಿತ್ತು. ಕಡುಬಡವರೆಲ್ಲ ಸೇರಿ ಇದ್ದದ್ದು ಒಂದೇ ಗುಂಪು, ಅದೂ ಸಾಲಿನ ಕಟ್ಟಕಡೆಗೆ. ಮತ ಹಾಕುವ ಜಾಗವಾದ ಮಾರ್ಸ್ ಬಯಲಿನಲ್ಲಿ ಬೆಳಿಗ್ಗೆಯಿಂದ ನಿಂತವನಿಗೆ ತನ್ನ ಸರದಿ ಬರುವ ಮೊದಲೇ ಫಲಿತಾಂಶ ಕೇಳಿಸುತ್ತಿತ್ತು. ಜನ ಜಾಸ್ತಿ ಇದ್ದವರ ಕೈಗೆ ಅಧಿಕಾರ ಹೋಗಬಾರದು ಅಂತಲೇ ಹೀಗೆ ಮಾಡಿದ್ದು ಎಂದು ರಾಜಕಾರಣಿ, ವಾಗ್ಮಿ ಸಿಸೆರೋ ಮೆಚ್ಚಿ ಬರೆದಿದ್ದಾನೆ.

ಹಾಗಾದರೆ ಇವರಿಗೆ ಪೌರತ್ವದಿಂದ ಸಿಕ್ಕಿದ್ದೇನು? ಓದಿದವರು ಹೇಳಿ.

ಕಾನೂನುಪುಟ

ಒಳ್ಳೆಯ ವಿಷಯ ಎತ್ತಿದ್ದೀರಿ. ಆದರೆ ಪೌರತ್ವ ಬರೀ ಹೆಸರಿಗೆ ಅಂತ ತಳ್ಳಿಹಾಕಬೇಡಿ.

ಸಾಲದ ವಿಷಯವನ್ನೇ ತಗೊಳ್ಳಿ. ಸಾಲ ತೀರಿಸಲಾಗದವನು ತನ್ನ ಮೈಯನ್ನೇ ಒತ್ತೆ ಇಟ್ಟು ಸಾಲ ಕೊಟ್ಟವನ ಹತ್ತಿರ ಜೀತ ಮಾಡುವ ಪದ್ಧತಿ ಮೊದಲಿಗೆ ರೋಮ್‌ನಲ್ಲಿತ್ತು. ಕ್ರಿ.ಪೂ. 495ರಲ್ಲಿ ಒಬ್ಬ ಮುದುಕ ಊರಿನ ಮುಖ್ಯ ಚೌಕವಾದ ಫೋರಂಗೆ ಓಡಿಬಂದ ಕಥೆಯನ್ನು ಲಿವಿ ಹೇಳುತ್ತಾನೆ. ಅವನು ನೆರೆಯ ಸಬೈನ್ ಜನರ ಮೇಲೆ ಯುದ್ಧಕ್ಕೆ ಹೋಗಿದ್ದಾಗ ಮನೆ ಸುಟ್ಟುಹೋಯಿತು, ದನಕರು ಲೂಟಿಯಾದವು. ಆಗಲೇ ತೆರಿಗೆ ಬಿತ್ತು. ಸಾಲ ಮಾಡಿದ. ಅಜ್ಜನ ಕಾಲದ ಹೊಲ ಹೋಯಿತು, ಕೊನೆಗೆ ಮೈಯೂ ಹೋಯಿತು. ಎದೆಯ ಮೇಲೆ ಯುದ್ಧದ ಗಾಯದ ಗುರುತು, ಬೆನ್ನ ಮೇಲೆ ಹಸಿ ಚಾಟಿ ಬರೆ. ಎರಡನ್ನೂ ಜನರಿಗೆ ತೋರಿಸಿದನಂತೆ. ಊರೇ ಎದ್ದಿತು. ಮುಂದಿನ ವರ್ಷ ಬಡವರು ಊರು ಬಿಟ್ಟು ಗುಡ್ಡದ ಮೇಲೆ ಹೋಗಿ ಕೂತರು. ಅದರಿಂದಲೇ ಅವರಿಗೆ ಟ್ರಿಬ್ಯೂನ್ ಎಂಬ ರಕ್ಷಕರು ಸಿಕ್ಕಿದ್ದು. ಲಿವಿಯ ಪ್ರಕಾರ ಸಾಲದ ಜೀತವನ್ನು ಕ್ರಿ.ಪೂ. 326ರಲ್ಲಿ ತೆಗೆದುಹಾಕಿದರು. ಆಮೇಲೆ ಬಂದ ಪೋರ್ಸಿಯಸ್ ಕಾನೂನುಗಳು ಪೌರನ ಬೆನ್ನಿಗೆ ಚಾಟಿ ಬೀಳದಂತೆ ನೋಡಿಕೊಂಡವು. ಅಧಿಕಾರಿ ಮರಣದಂಡನೆ ಕೊಟ್ಟರೆ ಜನರ ಮುಂದೆ ಮೇಲ್ಮನವಿ ಹೋಗಬಹುದಿತ್ತು. ಇದು ಸಣ್ಣ ವಿಷಯವಲ್ಲ.

ಇನ್ನೊಂದು ಮಾತು. ನೀವು ಹೇಳಿದ್ದು ಒಂದು ಸಭೆಯ ಕಥೆ. 35 ಬುಡಕಟ್ಟುಗಳ, ಅಂದರೆ ಪ್ರದೇಶವಾರು ಮತ ವಿಭಾಗಗಳ, ಲೆಕ್ಕದಲ್ಲಿ ಸೇರುತ್ತಿದ್ದ ಇನ್ನೊಂದು ಸಭೆಯಲ್ಲಿ ಆಸ್ತಿಯ ವರ್ಗ ಇರಲಿಲ್ಲ. ಬಡವರ ಪರವಾದ ಕಾನೂನುಗಳೆಲ್ಲ ಬಂದದ್ದು ಅಲ್ಲಿಂದ.

ನದಿದಂಡೆ

ಬುಡಕಟ್ಟು ಸಭೆಯ ಮಾತು ನಿಜ. ಆದರೆ 35ರಲ್ಲಿ ಊರೊಳಗಿನವರಿಗೆ ನಾಲ್ಕೇ ನಾಲ್ಕು, ಉಳಿದ 31 ಹಳ್ಳಿ ಕಡೆಯವು. ಬಿಡುಗಡೆಯಾದ ಗುಲಾಮರನ್ನೂ ಬಹುಪಾಲು ಆ ನಾಲ್ಕಕ್ಕೇ ತುಂಬುತ್ತಿದ್ದರು. ಹಳ್ಳಿಯ ಬುಡಕಟ್ಟಿನ ಬಡವ ಮತ ಹಾಕಬೇಕಾದರೆ ಕೂಲಿ ಬಿಟ್ಟು ನಡೆದುಕೊಂಡೇ ರೋಮ್‌ಗೆ ಬರಬೇಕು. ಯಾರು ಬರುತ್ತಿದ್ದರು ಹೇಳಿ?

ಚಾಟಿ ಏಟು ಬೀಳದಂತೆ ಸಿಕ್ಕ ರಕ್ಷಣೆಯೂ ಶಾಶ್ವತವಾಗಿ ಉಳಿಯಲಿಲ್ಲ. ಕ್ರಿ.ಶ. 2ನೇ ಶತಮಾನದ ಹೊತ್ತಿಗೆ ನ್ಯಾಯಾಲಯಗಳು ಪೌರರನ್ನೇ ಮಾನವಂತರು, ಕೀಳು ಜನ ಅಂತ ಎರಡು ಮಾಡಿದವು. ಅದೇ ತಪ್ಪಿಗೆ ಮೇಲಿನವನಿಗೆ ಗಡೀಪಾರು, ಕೆಳಗಿನವನಿಗೆ ಚಾಟಿ, ಗಣಿ ಕೆಲಸ, ಕಾಡುಪ್ರಾಣಿಗಳ ಬಾಯಿ. ಕ್ರಿ.ಶ. 212ರಲ್ಲಿ ಚಕ್ರವರ್ತಿ ಕರಕಲ್ಲ ಸಾಮ್ರಾಜ್ಯದ ಹೆಚ್ಚುಕಡಿಮೆ ಎಲ್ಲ ಸ್ವತಂತ್ರರಿಗೂ ಪೌರತ್ವ ಕೊಟ್ಟ. ಆ ಹೊತ್ತಿಗೆ ಬಡವನ ಪೌರತ್ವದಲ್ಲಿ ಉಳಿದದ್ದು ಬಹಳ ಕಡಿಮೆ.

ಅಂಗಡಿಬೀದಿ

ನನಗೆ ಅನ್ನಿಸುವುದನ್ನು ನೇರವಾಗಿ ಹೇಳುತ್ತೇನೆ. ಬಿಟ್ಟಿ ಗೋಧಿ, ಬಿಟ್ಟಿ ರಥದ ಓಟ, ಬಿಟ್ಟಿ ಕಾಳಗ ನೋಡಿಕೊಂಡು ಕಾಲ ಕಳೆದ ಜನ ಇವರು. ಜುವೆನಾಲ್ ಕವಿಯೇ ಹೇಳಿಲ್ವಾ, ಈ ಜನಕ್ಕೆ ರೊಟ್ಟಿ ಮತ್ತು ಆಟ ಎರಡೇ ಬೇಕು ಅಂತ? ರೋಮ್ ಹಾಳಾದದ್ದೇ ಇದರಿಂದ. ದುಡಿಯುವವನ ತೆರಿಗೆ ದುಡಿಯದವನ ಹೊಟ್ಟೆಗೆ.

ಸಿಪಾಯಿಮಗ

ಅಂಗಡಿಬೀದಿಯವರೇ, ರಾಜ್ಯ ಕೊಟ್ಟಿದ್ದನ್ನೇ ಹೇಳುತ್ತೀರಿ. ತೆಗೆದುಕೊಂಡಿದ್ದನ್ನೂ ಹೇಳಿ. ಸೇನೆಯ ಬಗ್ಗೆ ಆಮೇಲೆ ಬರೆಯುತ್ತೇನೆ.

ನದಿದಂಡೆ

ಅಂಗಡಿಬೀದಿಯವರ ಮಾತು ತುಂಬಾ ಜನರ ಮನಸ್ಸಿನಲ್ಲಿರುವುದು. ಅದಕ್ಕೇ ಸ್ವಲ್ಪ ಉದ್ದವಾಗಿ ಉತ್ತರಿಸುತ್ತೇನೆ.

ಗೋಧಿ ಮೊದಲಿಗೆ ಬಿಟ್ಟಿ ಇರಲಿಲ್ಲ. ಕ್ರಿ.ಪೂ. 123ರಲ್ಲಿ ಟ್ರಿಬ್ಯೂನ್ ಗಾಯಸ್ ಗ್ರಾಕಸ್ ತಂದ ಕಾನೂನಿನಲ್ಲಿ ಒಂದು ಮೋಡಿಯಸ್ ಅಳತೆಗೆ ಆರೂ ಕಾಲು ಆಸ್‌ಗಿಂತ ಚೂರು ಜಾಸ್ತಿ ಬೆಲೆ ಇತ್ತು. ಬೆಳೆ ಕೈಕೊಟ್ಟಾಗ ವ್ಯಾಪಾರಿಗಳು ಬೆಲೆ ಏರಿಸುತ್ತಿದ್ದರು. ಅದಕ್ಕೆ ತಡೆ ಹಾಕುವುದು ಉದ್ದೇಶ. ಪೂರ್ತಿ ಉಚಿತ ಆದದ್ದು ಕ್ರಿ.ಪೂ. 58ರಲ್ಲಿ, ಕ್ಲೋಡಿಯಸ್ ಎಂಬ ಟ್ರಿಬ್ಯೂನ್ ಕಾಲಕ್ಕೆ.

ಎರಡನೆಯದು, ಅದು ಬಡವರಿಗೆ ಅಂತ ಇದ್ದದ್ದೇ ಅಲ್ಲ. ರೋಮ್‌ನಲ್ಲಿ ವಾಸವಿರುವ ಪೌರ ಗಂಡಸರಿಗೆ ಇದ್ದದ್ದು. ಗಾಯಸ್‌ನ ಕಾನೂನನ್ನು ಕಟುವಾಗಿ ವಿರೋಧಿಸಿದ ಪೀಸೋ ಎಂಬ ಮಾಜಿ ಕಾನ್ಸಲ್ ಗೋಧಿ ಹಂಚುವ ದಿನ ಸಾಲಿನಲ್ಲಿ ಬಂದು ನಿಂತ. ಇದೇನು ಅಂತ ಗಾಯಸ್ ಕೇಳಿದ. ನನ್ನ ಸ್ವತ್ತನ್ನು ನೀನು ಹಂಚುವುದು ನನಗೆ ಇಷ್ಟವಿಲ್ಲ, ಆದರೆ ಹಂಚುವುದೇ ಆದರೆ ನನ್ನ ಪಾಲೂ ನನಗೆ ಬೇಕು ಅಂದನಂತೆ. ಇದನ್ನು ಹೇಳಿದ್ದು ಸಿಸೆರೋ. ಅತ್ತ ಊರಿಗೆ ಹೊಸದಾಗಿ ಬಂದ ಪರದೇಶದ ಬಡವನಿಗೆ ಒಂದು ಹಿಡಿ ಕಾಳೂ ಇಲ್ಲ.

ಮೂರನೆಯದು, ಎಷ್ಟು ಸಿಗುತ್ತಿತ್ತು? ತಿಂಗಳಿಗೆ 5 ಮೋಡಿಯಸ್, ಸುಮಾರು 33 ಕೆ.ಜಿ. ಗೋಧಿ. ಹೊಲದಲ್ಲಿ ದುಡಿಯುವ ಗುಲಾಮನಿಗೆ ತಿಂಗಳಿಗೆ ನಾಲ್ಕು, ನಾಲ್ಕೂವರೆ ಮೋಡಿಯಸ್ ಕೊಡಿ ಅಂತ ಕ್ಯಾಟೋ ತನ್ನ ಬೇಸಾಯದ ಪುಸ್ತಕದಲ್ಲಿ ಬರೆದಿದ್ದಾನೆ. ಅಂದರೆ ಒಬ್ಬ ಆಳು ತಿನ್ನುವುದಕ್ಕಿಂತ ಸ್ವಲ್ಪ ಜಾಸ್ತಿ. ಹೆಂಡತಿ ಮಕ್ಕಳಿದ್ದರೆ ಸಾಲದು. ಬಾಡಿಗೆ, ಎಣ್ಣೆ, ಸೌದೆ, ಬಟ್ಟೆ ಎಲ್ಲದಕ್ಕೂ ದುಡಿಯಲೇಬೇಕು. ಟೈಬರ್ ನದಿಯ ದಂಡೆಯಲ್ಲಿ ಮೂಟೆ ಹೊರುವುದು, ಕಟ್ಟಡದ ಕೂಲಿ, ಸುಗ್ಗಿಯಲ್ಲಿ ಹಳ್ಳಿಗೆ ಹೋಗಿ ಕೊಯ್ಲು. ಭಾರವಾದ ಕಂಬಗಳನ್ನು ಕಡಿಮೆ ಖರ್ಚಿನಲ್ಲಿ ಸಾಗಿಸುವ ಉಪಾಯವನ್ನು ಒಬ್ಬ ಯಂತ್ರ ತಜ್ಞ ವೆಸ್ಪಾಸಿಯನ್ ಚಕ್ರವರ್ತಿಗೆ ತೋರಿಸಿದ. ಚಕ್ರವರ್ತಿ ಅವನಿಗೆ ಇನಾಮು ಕೊಟ್ಟ, ಉಪಾಯವನ್ನು ಮಾತ್ರ ಬಳಸಲಿಲ್ಲ. ನನ್ನ ಬಡಜನಕ್ಕೆ ಅನ್ನ ಹುಟ್ಟಬೇಕಲ್ಲ ಅಂದ. ಕೂಲಿ ಮಾಡದ ಜನಕ್ಕೆ ಈ ಮಾತು ಹೇಳುತ್ತಾರಾ?

ಇನ್ನು ಜುವೆನಾಲ್. ಅವನು ಬರೆದದ್ದು ಕ್ರಿ.ಶ. 2ನೇ ಶತಮಾನದ ಮೊದಲ ಭಾಗದಲ್ಲಿ. ಹಿಂದೆ ಅಧಿಕಾರ ಹಂಚುತ್ತಿದ್ದ ಜನ ಈಗ ಎರಡನ್ನೇ ಬಯಸುತ್ತಾರೆ ಎಂಬುದು ಅವನ ದೂರು. ಆದರೆ ಆ ಅಧಿಕಾರವನ್ನು ಜನ ತಾವಾಗಿ ಬಿಟ್ಟುಕೊಡಲಿಲ್ಲ. ಕ್ರಿ.ಶ. 14ರಲ್ಲಿ ಚಕ್ರವರ್ತಿ ಟೈಬೀರಿಯಸ್ ಚುನಾವಣೆಯನ್ನು ಜನಸಭೆಯಿಂದ ಶ್ರೀಮಂತರ ಸಭೆಯಾದ ಸೆನೆಟ್‌ಗೆ ವರ್ಗಾಯಿಸಿದ. ಮತ ಕಿತ್ತುಕೊಂಡು ಆಮೇಲೆ ಇವರಿಗೆ ರಾಜಕೀಯದ ಚಿಂತೆಯೇ ಇಲ್ಲ ಅನ್ನುವುದು ನ್ಯಾಯವಲ್ಲ.

ಅಂಗಡಿಬೀದಿ

ಪೀಸೋ ಕಥೆ ಗೊತ್ತಿರಲಿಲ್ಲ, ಚೆನ್ನಾಗಿದೆ. ಆದರೂ ಖರ್ಚು ಮಿತಿಮೀರಿತ್ತು ಅನ್ನುವುದನ್ನು ಸೀಸರ್ ಕೂಡ ಒಪ್ಪಿದ್ದನಲ್ವಾ? 3,20,000 ಜನರ ಪಟ್ಟಿಯನ್ನು 1,50,000ಕ್ಕೆ ಇಳಿಸಿದ. ಬೀದಿ ಬೀದಿಗೆ ಹೋಗಿ, ಕಟ್ಟಡದ ಮಾಲೀಕರಿಂದಲೇ ಬಾಡಿಗೆದಾರರ ಲೆಕ್ಕ ತೆಗೆಸಿದ. ಗೋಧಿ ಸಿಗಲಿ ಅಂತಲೇ ಗುಲಾಮರನ್ನು ಬಿಡುಗಡೆ ಮಾಡುವವರೂ ಇದ್ದರು.

ನದಿದಂಡೆ

ಹೌದು, ಬಿಡುಗಡೆ ಮಾಡಿ ಆ ಗೋಧಿಯನ್ನು ತಮ್ಮ ಮನೆಗೇ ತರಿಸಿಕೊಳ್ಳುತ್ತಿದ್ದರು ಅಂತ ಇತಿಹಾಸಕಾರ ಡಯೋನಿಸಿಯಸ್ ಬರೆದಿದ್ದಾನೆ. ಮೋಸ ಮಾಡಿದವರು ಯಜಮಾನರು. ಇನ್ನು ಸೀಸರ್ ಪಟ್ಟಿ ಇಳಿಸಿದ್ದರ ಜೊತೆಗೇ 80,000 ಪೌರರನ್ನು ಸಮುದ್ರದಾಚೆಯ ಹೊಸ ಊರುಗಳಿಗೆ ಕಳಿಸಿದ. ಬರೀ ಹೆಸರು ಹೊಡೆದುಹಾಕಲಿಲ್ಲ. ಅಗಸ್ಟಸ್ ಕಾಲದಲ್ಲಿ ಪಟ್ಟಿ ಮತ್ತೆ 2,00,000ಕ್ಕೆ ಬಂತು.

ಒಲೆಮುಂದೆ

ಇಲ್ಲಿಯವರೆಗಿನ ಮಾತೆಲ್ಲ ಗಂಡಸರದ್ದೇ ಆಯ್ತು. ಆ 33 ಕೆ.ಜಿ. ಮನೆಗೆ ಬಂದ ಮೇಲೆ ಏನಾಗುತ್ತಿತ್ತು ಅಂತ ಯೋಚಿಸಿ.

ಕೊಡುತ್ತಿದ್ದದ್ದು ಕಾಳು. ಹಿಟ್ಟಲ್ಲ, ರೊಟ್ಟಿಯೂ ಅಲ್ಲ. ಅದನ್ನು ಹೊತ್ತು ನಾಲ್ಕೈದು ಮಹಡಿ ಹತ್ತಬೇಕು. ಮೇಲಿನ ಆ ಕೋಣೆಯಲ್ಲಿ ಒಲೆ ಇಲ್ಲ, ಹೊಗೆ ಹೋಗಲು ದಾರಿಯಿಲ್ಲ, ನೀರೂ ಇಲ್ಲ. ಬೀಸುವ ಕಲ್ಲಿಗೆ ಜಾಗವಿಲ್ಲ. ಹಾಗಾಗಿ ಕಾಳು ಬೇಕರಿಯವನ ಹತ್ತಿರ ಹೋಗಬೇಕು, ಅವನಿಗೆ ಬೀಸಿದ್ದಕ್ಕೂ ಸುಟ್ಟಿದ್ದಕ್ಕೂ ಕೊಡಬೇಕು. ಇಲ್ಲದಿದ್ದರೆ ಕೆಂಡದ ಕುಂಡದ ಮೇಲೆ ಗಂಜಿ. ಮರದ ಮಹಡಿಯಲ್ಲಿ ಕೆಂಡ ಅಂದರೆ ಬೆಂಕಿಯ ಭಯ. ಬೇಯಿಸಿದ ರೊಟ್ಟಿಯನ್ನೇ ಹಂಚುವುದು ಚಕ್ರವರ್ತಿ ಔರೇಲಿಯನ್ ಕಾಲಕ್ಕೆ ಬಂತು, ಅಂದರೆ ಕ್ರಿ.ಶ. 270ರ ನಂತರ. ಬೀದಿಯ ಹೋಟೆಲ್‌ಗಳೇ ಬಡವರ ಅಡುಗೆಮನೆ. ನೀರೋ ಅಲ್ಲಿಯೂ ಕಾಳು ಮತ್ತು ಸೊಪ್ಪು ಬಿಟ್ಟು ಬೇರೇನೂ ಬೇಯಿಸಿ ಮಾರಬಾರದು ಅಂತ ಆಜ್ಞೆ ಮಾಡಿದ!

ಪಟ್ಟಿಯಲ್ಲಿ ಹೆಂಗಸರಿಲ್ಲ. ಗಂಡ ಸತ್ತರೆ ಗೋಧಿಯೂ ನಿಂತಿತು. ಚಕ್ರವರ್ತಿ ಟ್ರಾಜನ್ ಕಾಲದಲ್ಲಿ ಇಟಲಿಯ ಊರುಗಳಲ್ಲಿ ಮಕ್ಕಳಿಗೆ ದುಡ್ಡು ಕೊಡುವ ಯೋಜನೆ ಬಂತು. ವೆಲೇಯಾ ಎಂಬ ಊರಿನ ಲೆಕ್ಕ ದೊಡ್ಡ ಕಂಚಿನ ಫಲಕದ ಮೇಲೆ ಉಳಿದಿದೆ. ಗಂಡು ಮಗುವಿಗೆ ತಿಂಗಳಿಗೆ 16 ಸೆಸ್ಟರ್ಸ್ ನಾಣ್ಯ, ಹೆಣ್ಣು ಮಗುವಿಗೆ 12. ಸಹಾಯ ಪಡೆದ ಗಂಡು ಮಕ್ಕಳು 245, ಹೆಣ್ಣು ಮಕ್ಕಳು 34. ಮದುವೆಯಿಲ್ಲದೆ ಹುಟ್ಟಿದವರು ಬೇರೆ, ಒಂದು ಗಂಡು, ಒಂದು ಹೆಣ್ಣು. ಈ 34 ಎಂಬ ಅಂಕಿ ಓದಿದಾಗ ಹೊಟ್ಟೆ ಕಲಸಿತು. ಉಳಿದ ಹುಡುಗಿಯರು ಆ ಊರಿನಲ್ಲೇ ಇದ್ದರು, ಹಸಿದೂ ಇದ್ದರು.

ಗುಬ್ಬಚ್ಚಿ

ಒಂದು ಪ್ರಶ್ನೆ. ಶಾಲೆಯಲ್ಲಿ ಪ್ಯಾಟ್ರಿಶಿಯನ್, ಪ್ಲೀಬಿಯನ್ ಅಂತ ಓದಿದ್ದೆವಲ್ವಾ? ಈ ಪ್ಲೀಬಿಯನ್ನರೇ ಇವರಾ?

ಕಾನೂನುಪುಟ

ಅಲ್ಲ. ಅದು ಮನೆತನದ ಭೇದ. ಹಳೆಯ ಕುಲೀನ ಮನೆತನದವರು ಪ್ಯಾಟ್ರಿಶಿಯನ್, ಉಳಿದ ಪೌರರು ಪ್ಲೀಬಿಯನ್. ಪ್ಲೀಬಿಯನ್ ಮನೆತನಗಳಲ್ಲಿ ಭಾರಿ ಶ್ರೀಮಂತರಿದ್ದರು. ರೋಮ್‌ನ ಅತಿ ದೊಡ್ಡ ಸಾಹುಕಾರ ಕ್ರಾಸಸ್ ಪ್ಲೀಬಿಯನ್. ದಂಡನಾಯಕ ಪಾಂಪೆಯೂ ಅಷ್ಟೇ. ಈ ಚರ್ಚೆಯಲ್ಲಿರುವುದು ಆಸ್ತಿಯ ಭೇದ.

ಸಿಪಾಯಿಮಗ

ಈಗ ಸೇನೆಯ ವಿಷಯ. ಮನೆಯಲ್ಲಿ ಸೇನೆಯ ಮಾತು ಕೇಳಿಕೊಂಡೇ ಬೆಳೆದವನು ನಾನು, ಹಾಗಾಗಿ ಇದು ನನಗೆ ಹತ್ತಿರದ್ದು.

ಹಳೆಯ ನಿಯಮದಲ್ಲಿ ಆಸ್ತಿ ಇಲ್ಲದವನಿಗೆ ಸೇನೆಗೆ ಪ್ರವೇಶವಿರಲಿಲ್ಲ. ಕತ್ತಿ, ಗುರಾಣಿ ಸ್ವಂತ ಖರ್ಚಿನಲ್ಲಿ ತರಬೇಕಿತ್ತು. ಕಷ್ಟ ಬಂದಾಗ ಮಾತ್ರ ನಿಯಮ ಮರೆತುಹೋಯಿತು. ಗ್ರೀಕ್ ರಾಜ ಪಿರ್ರಸ್ ದಂಡೆತ್ತಿ ಬಂದಾಗ ಪ್ರೊಲೆಟಾರಿಗಳಿಗೆ ರಾಜ್ಯವೇ ಆಯುಧ ಕೊಟ್ಟಿತು. ಹ್ಯಾನಿಬಲ್ ಎದುರು ಕಾನೇ ಯುದ್ಧದಲ್ಲಿ ಸೋತ ನಂತರ, ಕ್ರಿ.ಪೂ. 216ರಲ್ಲಿ, 8,000 ಗುಲಾಮರನ್ನೇ ಕೊಂಡು ಸೇನೆಗೆ ಸೇರಿಸಿದರು.

ಸ್ಪುರಿಯಸ್ ಲಿಗಸ್ಟಿನಸ್ ಎಂಬ ಸೈನಿಕನ ಕಥೆ ಕೇಳಿ. ಕ್ರಿ.ಪೂ. 171ರಲ್ಲಿ ಸಭೆಯ ಮುಂದೆ ನಿಂತು ಅವನು ತನ್ನ ಬದುಕನ್ನು ಹೇಳಿಕೊಂಡದ್ದನ್ನು ಲಿವಿ ದಾಖಲಿಸಿದ್ದಾನೆ. ಅಪ್ಪ ಬಿಟ್ಟುಹೋದದ್ದು ಒಂದು ಯೂಗೆರಮ್ ಹೊಲ, ಒಂದು ಗುಡಿಸಲು. ನಮ್ಮ ಲೆಕ್ಕದಲ್ಲಿ ಸುಮಾರು 25 ಗುಂಟೆ. ಇವತ್ತಿಗೂ ಅದೇ ಗುಡಿಸಲಿನಲ್ಲಿದ್ದೇನೆ ಅಂದ. ಆರು ಗಂಡು, ಎರಡು ಹೆಣ್ಣು ಮಕ್ಕಳು. ಮ್ಯಾಸಿಡೋನಿಯಾ, ಗ್ರೀಸ್, ಸ್ಪೇನ್ ಎಲ್ಲ ಕಡೆ ಸೇರಿ 22 ವರ್ಷ ಸೇವೆ. ಶೌರ್ಯಕ್ಕೆ 34 ಬಾರಿ ಬಹುಮಾನ, ಜೊತೆಯವರ ಪ್ರಾಣ ಉಳಿಸಿದ್ದಕ್ಕೆ ಆರು ಕಿರೀಟ. ವಯಸ್ಸು ಐವತ್ತು ದಾಟಿತ್ತು, ಆದರೂ ಯುದ್ಧಕ್ಕೆ ಹೊರಟ. ಇಷ್ಟೆಲ್ಲ ಮಾಡಿದ ಮೇಲೂ 25 ಗುಂಟೆಯ ಗುಡಿಸಲು. ಇದನ್ನು ಲಿವಿ ಹೆಮ್ಮೆಯಿಂದ ಬರೆದಿದ್ದಾನೆ. ನನಗೆ ಓದುವಾಗ ಗಂಟಲು ಕಟ್ಟುತ್ತದೆ.

ಗಾಯಸ್‌ನ ಅಣ್ಣ, ಟ್ರಿಬ್ಯೂನ್ ಟೈಬೀರಿಯಸ್ ಗ್ರಾಕಸ್ ಕ್ರಿ.ಪೂ. 133ರಲ್ಲಿ ಕೇಳಿದ್ದು ಇದನ್ನೇ. ಇಟಲಿಯ ಕಾಡುಪ್ರಾಣಿಗೂ ಗುಹೆಯಿದೆ, ಇಟಲಿಗಾಗಿ ಸಾಯುವವನಿಗೆ ಗಾಳಿ ಬೆಳಕು ಬಿಟ್ಟು ಬೇರೇನೂ ಇಲ್ಲ ಅಂದ ಅಂತ ಪ್ಲುಟಾರ್ಕ್ ಹೇಳುತ್ತಾನೆ. ಸರ್ಕಾರಿ ಭೂಮಿಯನ್ನು ಒಬ್ಬರು 500 ಯೂಗೆರಮ್‌ಗಿಂತ ಜಾಸ್ತಿ ಇಟ್ಟುಕೊಳ್ಳಬಾರದು, ಉಳಿದದ್ದನ್ನು ಬಡವರಿಗೆ ಹಂಚಬೇಕು ಎಂಬುದು ಅವನ ಕಾನೂನು. 500 ಯೂಗೆರಮ್ ಅಂದರೆ 300 ಎಕರೆಗೂ ಮೇಲೆ, ಅಷ್ಟು ಬಿಟ್ಟುಕೊಟ್ಟೇ ಅವನು ಕೇಳಿದ್ದು. ಸೆನೆಟರ್‌ಗಳು ಬೆಂಚಿನ ಕಾಲು ಮುರಿದುಕೊಂಡು ಬಂದು ಅವನನ್ನೂ ಜೊತೆಗಿದ್ದ 300ಕ್ಕೂ ಹೆಚ್ಚು ಜನರನ್ನೂ ಹೊಡೆದು ಸಾಯಿಸಿದರು. ಹೆಣಗಳನ್ನು ಟೈಬರ್‌ಗೆ ಎಸೆದರು.

ಕೊನೆಗೆ ಕ್ರಿ.ಪೂ. 107ರಲ್ಲಿ ದಂಡನಾಯಕ ಮಾರಿಯಸ್ ಬಂದ. ಆಫ್ರಿಕಾದ ರಾಜ ಜುಗುರ್ತನ ಮೇಲಿನ ಯುದ್ಧಕ್ಕೆ ಕಾಪಿಟೆ ಸೆನ್ಸಿಗಳನ್ನೂ ಸೇರಿಸಿಕೊಂಡ. ಬಡವನಿಗೆ ಸಂಬಳ, ಆಯುಧ, ಮುಂದೆ ಭೂಮಿ. ಆಫ್ರಿಕಾದಲ್ಲಿ ಅವನ ಸೈನಿಕರಿಗೆ ತಲಾ 100 ಯೂಗೆರಮ್ ಕೊಡುವ ಕಾನೂನೂ ಬಂತು. ಬಡ ಪೌರನಿಗೆ ಬಾಗಿಲು ತೆರೆದವನು ಅವನೇ.

ಕಾನೂನುಪುಟ

ಸಿಪಾಯಿಮಗ ಅವರೇ, ಲಿಗಸ್ಟಿನಸ್ ಕಥೆಗೆ ಧನ್ಯವಾದ. ಮಾರಿಯಸ್ ಬಗ್ಗೆ ನನಗೆ ಭಿನ್ನಾಭಿಪ್ರಾಯವಿದೆ. ಒಂದೇ ಏಟಿಗೆ ಬಾಗಿಲು ತೆರೆದ ಎಂಬುದನ್ನು ಈಚಿನ ಇತಿಹಾಸಕಾರರಲ್ಲಿ ಹಲವರು ಒಪ್ಪುವುದಿಲ್ಲ. ಸೇವೆಗೆ ಬೇಕಾದ ಆಸ್ತಿಯನ್ನು ಲಿವಿ 11,000 ಆಸ್ ಅನ್ನುತ್ತಾನೆ, ಗ್ರೀಕ್ ಇತಿಹಾಸಕಾರ ಪೊಲಿಬಿಯಸ್ 400 ಡ್ರಾಕ್ಮಾ (ಗ್ರೀಕ್ ಬೆಳ್ಳಿ ನಾಣ್ಯ), ಸಿಸೆರೋ 1,500 ಆಸ್. ಇದನ್ನು ಕಾಲಕಾಲಕ್ಕೆ ಇಳಿದ ಅಳತೆ ಅಂತ ಓದುವವರಿದ್ದಾರೆ. ನೀವು ಹೇಳಿದ 25 ಗುಂಟೆಯವನೇ ಮಾರಿಯಸ್‌ಗಿಂತ ತೊಂಬತ್ತು ವರ್ಷ ಮೊದಲು ಸೇನೆಗೆ ಸೇರಿದ್ದ! ಮಾರಿಯಸ್ ಮಾಡಿದ್ದು ಆ ಒಂದು ಯುದ್ಧಕ್ಕೆ ಸ್ವಯಂಸೇವಕರನ್ನು ತಗೊಂಡದ್ದು. ಆಮೇಲೂ ಬಲವಂತದ ನೇಮಕ ನಡೆದೇ ಇತ್ತು.

ಸಿಪಾಯಿಮಗ

ಕಾನೂನಿನ ಪುಸ್ತಕದಲ್ಲಿ ನೀವು ಹೇಳಿದ ಹಾಗೇ ಇರಬಹುದು. ಆದರೆ ರೋಮನ್ ಇತಿಹಾಸಕಾರ ಸಲ್ಲಸ್ಟ್ ಇದನ್ನು ಎದ್ದು ಕಾಣುವ ಘಟನೆ ಅಂತಲೇ ಬರೆದಿದ್ದಾನೆ. ವರ್ಗ ನೋಡದೆ, ಬರುತ್ತೇನೆ ಅಂದವರನ್ನೆಲ್ಲ ತಗೊಂಡ, ಹೆಚ್ಚಿನವರು ಕಾಪಿಟೆ ಸೆನ್ಸಿಗಳು ಅಂತ. ಭೂಮಿಯ ಆಸೆಯನ್ನು ಸೆನೆಟ್ ತೀರಿಸಲಿಲ್ಲ, ದಂಡನಾಯಕರು ತೀರಿಸಿದರು. ಕ್ರಿ.ಪೂ. 88ರಲ್ಲಿ ದಂಡನಾಯಕ ಸುಲ್ಲಾ ರೋಮ್ ಮೇಲೆಯೇ ದಂಡೆತ್ತಿ ನಡೆದಾಗ ಸೈನಿಕರು ಅವನ ಹಿಂದೆ ಹೋದದ್ದು ಸುಮ್ನೆ ಅಲ್ಲ. ನಾನು ನನ್ನ ಮಾತಿಗೇ ಅಂಟಿಕೊಳ್ಳುತ್ತೇನೆ.

ಕಲ್ಲುಬರಹ

ನನ್ನ ಆಸಕ್ತಿ ಶಾಸನಗಳು. ಎರಡನ್ನು ಹೇಳುತ್ತೇನೆ.

ಒಂದು, ರೋಮ್ ಹತ್ತಿರದ ಲನೂವಿಯಮ್ ಊರಿನ ಸಂಘದ ನಿಯಮಾವಳಿ, ಕ್ರಿ.ಶ. 136ರದ್ದು. ಬಡವರು ತಮ್ಮ ಅಂತ್ಯಕ್ರಿಯೆಗಾಗಿ ಕಟ್ಟಿಕೊಂಡ ಸಂಘ. ನಮ್ಮ ಬೀದಿಗಳ ಚೀಟಿ ವ್ಯವಹಾರದ ಹಾಗೇ ಇದೆ. ಸೇರುವಾಗ 100 ಸೆಸ್ಟರ್ಸ್ ಮತ್ತು ಒಂದು ಹೂಜಿ ಒಳ್ಳೆಯ ದ್ರಾಕ್ಷಾರಸ. ಆಮೇಲೆ ತಿಂಗಳಿಗೆ 5 ಆಸ್. ಸತ್ತಾಗ ಸಂಘದಿಂದ 300 ಸೆಸ್ಟರ್ಸ್, ಅದರಲ್ಲಿ 50 ಶವದ ಜೊತೆ ನಡೆದು ಬಂದವರಿಗೆ. ಕಂತು ಕಟ್ಟದೆ ಬಿಟ್ಟವನಿಗೆ ಏನೂ ಇಲ್ಲ. ಊರಿನಿಂದ 20 ಮೈಲಿಗಿಂತ ದೂರದಲ್ಲಿ ಸತ್ತರೆ ಸಂಘದ ಮೂವರು ಹೋಗಿ ಸಂಸ್ಕಾರ ಮಾಡಬೇಕು. ಗುಲಾಮರಿಗೂ ಸದಸ್ಯತ್ವ ಇತ್ತು. ಗುಲಾಮ ಸದಸ್ಯ ಸತ್ತು, ಯಜಮಾನ ಹಟಕ್ಕೆ ಹೆಣ ಕೊಡದಿದ್ದರೆ? ಅದಕ್ಕೂ ನಿಯಮವಿದೆ. ಗೊಂಬೆ ಮಾಡಿ ಅದಕ್ಕೇ ಸಂಸ್ಕಾರ ಮಾಡಬೇಕು.

ಇಷ್ಟು ಕಷ್ಟಪಟ್ಟದ್ದು ಯಾಕೆ ಗೊತ್ತಾ? ಸಂಘ ಇಲ್ಲದ ಬಡವನ ಹೆಣ ರೋಮ್‌ನ ಎಸ್ಕ್ವಿಲೀನ್ ಗುಡ್ಡದಂಥ ಕಡೆ ಸಾಮೂಹಿಕ ಗುಂಡಿಗೆ ಹೋಗುತ್ತಿತ್ತು. ಆಮೇಲೆ ಆ ಜಾಗದ ಮೇಲೆ ಮಣ್ಣು ಹಾಕಿಸಿ ಅಗಸ್ಟಸ್‌ನ ಆಪ್ತ ಮೈಸೀನಸ್ ತೋಟ ಮಾಡಿಸಿದ.

ಎರಡನೆಯದು ಇವತ್ತಿನ ಟುನೀಶಿಯಾದ ಮಾಕ್ಟರ್ ಊರಿನದ್ದು, ಈಗ ಲೂವ್ರ್ ಮ್ಯೂಸಿಯಂನಲ್ಲಿದೆ. ಆಸ್ತಿಯೂ ಮನೆಯೂ ಇಲ್ಲದ ಬಡ ತಂದೆಗೆ ಹುಟ್ಟಿದೆ ಅಂತ ಸಮಾಧಿಯ ಕಲ್ಲು ಮಾತಾಡುತ್ತದೆ. ಸುಡುವ ಬಿಸಿಲಿನಲ್ಲಿ 12 ಸುಗ್ಗಿ ಕೊಯ್ದ. ಆಮೇಲೆ 11 ವರ್ಷ ಕೊಯ್ಲಿನ ಆಳುಗಳ ಮೇಸ್ತ್ರಿ. ಹೊಲ, ಮನೆ ಮಾಡಿದ. ಊರಿನ ಸೆನೆಟ್‌ಗೆ ಸೇರಿದ, ಸೆನ್ಸರ್ ಕೂಡ ಆದ. ಇಂಥ ಕಲ್ಲು ಅಪರೂಪ. ಕೊಯ್ಲಿನಲ್ಲೇ ಮುಗಿದುಹೋದವರಿಗೆ ಕಲ್ಲು ಹಾಕಿಸಲು ದುಡ್ಡಿರಲಿಲ್ಲ.

ಒಲೆಮುಂದೆ

ಗೊಂಬೆಗೆ ಸಂಸ್ಕಾರ ಮಾಡುವ ನಿಯಮ ಓದಿ ಕಣ್ಣು ತುಂಬಿತು. ಬಾಡಿಗೆ ಮನೆಗಳ ಬಗ್ಗೆ ಯಾರಾದರೂ ಇನ್ನಷ್ಟು ಬರೆಯಿರಿ.

ನದಿದಂಡೆ

ಸ್ವಲ್ಪ ಬರೆಯುತ್ತೇನೆ. ಕಟ್ಟಡದ ಎತ್ತರ 70 ರೋಮನ್ ಅಡಿ ಮೀರಬಾರದು ಅಂತ ಅಗಸ್ಟಸ್ ಮಿತಿ ಹಾಕಿದ, ಟ್ರಾಜನ್ ಅದನ್ನು 60ಕ್ಕೆ ಇಳಿಸಿದ. ಕುಸಿತ ಅಷ್ಟು ಸಾಮಾನ್ಯವಾಗಿತ್ತು. ಸಿಸೆರೋ ಸ್ವತಃ ಬಾಡಿಗೆ ಕಟ್ಟಡಗಳ ಮಾಲೀಕ. ಕ್ರಿ.ಪೂ. 44ರಲ್ಲಿ ಗೆಳೆಯನಿಗೆ ಬರೆದ ಪತ್ರದಲ್ಲಿ, ನನ್ನ ಎರಡು ಅಂಗಡಿ ಬಿದ್ದುಹೋದವು, ಉಳಿದವು ಬಿರುಕು ಬಿಟ್ಟಿವೆ, ಬಾಡಿಗೆದಾರರಷ್ಟೇ ಅಲ್ಲ ಇಲಿಗಳೂ ಜಾಗ ಖಾಲಿ ಮಾಡಿವೆ ಅನ್ನುತ್ತಾನೆ. ಹೊಸದಾಗಿ ಕಟ್ಟಿ ಲಾಭ ಮಾಡುವ ಯೋಜನೆಯೂ ಅದೇ ಪತ್ರದಲ್ಲಿದೆ. ಖಾಲಿ ಮಾಡಿದವರು ಎಲ್ಲಿಗೆ ಹೋದರು ಎಂಬ ಮಾತು ಅದರಲ್ಲಿಲ್ಲ. ಸೀಸರ್ ಒಂದು ವರ್ಷ ರೋಮ್‌ನಲ್ಲಿ 2,000 ಸೆಸ್ಟರ್ಸ್‌ವರೆಗಿನ ಬಾಡಿಗೆ ಮನ್ನಾ ಮಾಡಿದ, ಇಟಲಿಯ ಬೇರೆ ಕಡೆ 500ರವರೆಗೆ. ಬಾಡಿಗೆಯ ಹೊರೆ ಎಷ್ಟಿತ್ತು ಅನ್ನುವುದಕ್ಕೆ ಅದೇ ಸಾಕ್ಷಿ.

ಗುಬ್ಬಚ್ಚಿ

ನನ್ನ ಅಕ್ಕ ಇಟಲಿಗೆ ಹೋಗುತ್ತಿದ್ದಾಳೆ. ಅರಮನೆ, ಕೊಲೋಸಿಯಂ ಬಿಟ್ಟು ಈ ಜನರದ್ದು ಅಂತ ನೋಡಲು ಏನಾದರೂ ಉಳಿದಿದೆಯಾ?

ಕಲ್ಲುಬರಹ

ಉಳಿದಿದೆ. ಕ್ಯಾಪಿಟೋಲಿನ್ ಗುಡ್ಡದ ಬುಡದಲ್ಲಿ, ಆರಾ ಚೇಲಿ ಚರ್ಚಿನ ಮೆಟ್ಟಿಲ ಪಕ್ಕ, ಹಳೆಯ ಬಾಡಿಗೆ ಕಟ್ಟಡವೊಂದಿದೆ. ರಸ್ತೆಯಿಂದಲೇ ಕಾಣುತ್ತದೆ. ಕೆಳಗಿನ ಅಂಗಡಿಗಳು ಈಗಿನ ನೆಲಮಟ್ಟಕ್ಕಿಂತ ಆಳದಲ್ಲಿವೆ, ಮೇಲೆ ಹೋದಂತೆ ಕೋಣೆಗಳು ಚಿಕ್ಕದಾಗುತ್ತವೆ. ಟೆಸ್ಟಾಚೋ ಬಡಾವಣೆಯಲ್ಲಿ ಒಡೆದ ಎಣ್ಣೆ ಹೂಜಿಗಳಿಂದಲೇ ಆದ ಸುಮಾರು 35 ಮೀಟರ್ ಎತ್ತರದ ಗುಡ್ಡವಿದೆ. ಆ ಹೂಜಿಗಳು ಹಡಗಿನಿಂದ ಇಳಿದದ್ದು ಮೂಟೆ ಹೊರುವವರ ಹೆಗಲ ಮೇಲೆ. ಪೋರ್ತಾ ಮಜ್ಜೋರೆ ಬಾಗಿಲ ಹತ್ತಿರ ಯೂರಿಸಾಸೀಸ್ ಎಂಬ ಬೇಕರಿ ಮಾಲೀಕನ ಸಮಾಧಿಯಿದೆ. ಅವನು ದುಡ್ಡಿದ್ದವನು. ಆದರೆ ಮೇಲಿನ ಕೆತ್ತನೆಯ ಪಟ್ಟಿಯಲ್ಲಿ ಅವನ ಆಳುಗಳಿದ್ದಾರೆ. ಕಾಳು ಬೀಸುತ್ತಾರೆ, ಹಿಟ್ಟು ನಾದುತ್ತಾರೆ, ರೊಟ್ಟಿ ತೂಗುತ್ತಾರೆ. ಕತ್ತೆತ್ತಿ ನೋಡಬೇಕು, ಇಲ್ಲದಿದ್ದರೆ ಕಾಣುವುದಿಲ್ಲ ಅಂತ ಅಕ್ಕನಿಗೆ ಹೇಳಿ. ಸಮಯ ಇದ್ದರೆ ಒಂದು ದಿನ ರೋಮ್‌ನ ಹಳೆಯ ಬಂದರು ಊರಾದ ಓಸ್ಟಿಯಾಗೂ ಹೋಗಿ ಬರಲಿ, ಅಲ್ಲಿ ಇಂಥ ಬಾಡಿಗೆ ಕಟ್ಟಡಗಳ ಬೀದಿಗಳೇ ಇವೆ.